ಆಯಮ್ಮ

ಮೊದಲ ಕರಡಿನಲ್ಲಿ ‘ಅವಳು’ ಎಂದು ಬರೆದೆ.
ಬನಶಂಕರಿ ಬಸ್‌ಸ್ಟ್ಯಾಂಡಿನ ಎದುರು, ಮೆಟ್ರೊ ಕಂಬದ ಬುಡದಲ್ಲಿ
ಮೋಟು ಸ್ಟೂಲು ಹಾಕಿಕೊಂಡು
ಜಿಪ್ಪು ರಿಪೇರಿ ಮಾಡುವ ಅಕ್ಕಯಮ್ಮ
‘ಅವಳು’ ಅಂದಕೂಡಲೇ
ಹದಿನೈದು ವರ್ಷ ಚಿಕ್ಕವಳಾಗಿಬಿಟ್ಟಳು.
ನಮ್ಮನೆ ಪಾತ್ರೆ ತೊಳೆಯುವವಳ ಹಾಗೆ
ಹಿತ್ತಲ ಬಾಗಿಲಲ್ಲೇ ನಿಂತಳು,
ವಾಕ್ಯದೊಳಕ್ಕೆ ಬರಲಿಲ್ಲ.

ಹೊಡೆದುಹಾಕಿ ‘ಅವರು’ ಮಾಡಿದೆ.
ಸೀರೆ ಇಸ್ತ್ರಿಯಾಯಿತು. ಬೆನ್ನು ನೆಟ್ಟಗಾಯಿತು.
ಶಾಲು ಹಾರ ಕಾಯುತ್ತ ಸನ್ಮಾನಕ್ಕೆ ಕೂತವರಂತೆ
ಮೂರು ಪುಟ
ಒಂದು ಕೆಮ್ಮೂ ಇಲ್ಲ.

‘ಆಕೆ’ಯನ್ನೂ ನೋಡಿದೆ. ಅದು ಪೇಪರಿನವರ ಮಾತು:
ಆಕೆ ಅಂದಮೇಲೆ ಏನಾದರೂ ಆಗಿರಬೇಕು,
ಕನಿಷ್ಠ ಒಂದು ಅಪಘಾತ.

ಉಳಿದದ್ದು ‘ನಾನು’.
ಏಳನೇ ಕ್ಲಾಸಿನ ವ್ಯಾಕರಣದಲ್ಲಿ ಅದಕ್ಕೆ ಉತ್ತಮ ಪುರುಷ ಎಂದು ಹೆಸರು;
ಅದ್ಯಾಕೆ ಉತ್ತಮ ಎಂದು ಕೇಳಿ
ಬೆಂಚಿನ ಮೇಲೆ ನಿಂತಿದ್ದೆ.
ಈಗ ಅಕ್ಕಯಮ್ಮನ ಸ್ಟೂಲಿನ ಮೇಲೆ ನಾನೇ ಕೂತೆ.
ನನ್ನದೇ ಸೊಂಟನೋವು, ನನ್ನದೇ ಸಂಧಿ ಸಮಾಸ,
ಫುಟ್‌ಪಾತಿನ ಧೂಳಿಗೂ ನನ್ನದೇ ವಿಷಾದ.
ಇಕ್ಕಳ ಹಿಡಿಯುವುದೊಂದು ಬರಲಿಲ್ಲ.

ಗುರುವಾರ ನನ್ನ ಬ್ಯಾಗೇ ಬಾಯಿಬಿಟ್ಟಿತು. ಒಯ್ದೆ.
ಎಳೆದು ನೋಡಿದ್ದಾಯಿತು, ಬಿಸಿಲಿಗೆ ಹಿಡಿದದ್ದಾಯಿತು.
(ನೋಡಿದಳೋ, ನೋಡಿದರೋ,
ಕ್ರಿಯಾಪದಕ್ಕೂ ಅದೇ ತಕರಾರು.)
“ಹಲ್ಲು ಸರಿಗವೆ ಕಣಮ್ಮ. ರನ್ನರ್ರು ಸಡ್ಲ ಆಗೈತೆ.
ಎಲ್ರೂ ಹಲ್ಲನ್ನೇ ಬೈತಾರೆ.”
ಇಕ್ಕಳದಲ್ಲಿ ಎರಡು ಸಲ ಒತ್ತಿ,
ಮೇಣದಬತ್ತಿಯ ಚೂರು ಉಜ್ಜಿ,
ಇಪ್ಪತ್ತು ರೂಪಾಯಿ.

ಚಿಲ್ಲರೆಗೆ ಪಕ್ಕದ ಸೌತೆಕಾಯಿ ಗಾಡಿಯತ್ತ ಕೂಗು:
“ಲೇ ನವಾಜು, ಈಯಮ್ಮಂಗೆ ಮೂವತ್ತು ಕೊಡೋ.
ಬ್ಯಾಗ್ ತುಂಬ ಬರೀ ಕಾಗ್ದ ಇಟ್ಕೊಂಡೈತೆ,
ಎಲ್ಲಾ ಹೊಡೆದಾಕಿರೋದೇ.
ಊಟ ಮಾಡಿಲ್ಲ ಅಂತ ಕಾಣ್ತೈತೆ, ಕಣ್ಣು ನೋಡು.”

ಊಟ ಮಾಡಿರಲಿಲ್ಲ.

ಈಯಮ್ಮ. ಆಯಮ್ಮ.
ಯಾವ ಕೋಷ್ಟಕದಲ್ಲೂ ಬಾಯಿಪಾಠ ಮಾಡಿಸದ ಸರ್ವನಾಮ.
ಶಾಲಿಲ್ಲ, ಹಿತ್ತಲ ಬಾಗಿಲೂ ಇಲ್ಲ.
ಎಷ್ಟು ಸಲೀಸಾಗಿ ನನ್ನನ್ನು ಒಳಗೆ ಹಾಕಿಕೊಂಡು
ಸರ್ರನೆ ಎಳೆದುಬಿಟ್ಟಿತು ಆಯಮ್ಮ!

ಬಸ್ಸಿನಲ್ಲಿ, ಸೊನ್ನೆ ರೂಪಾಯಿ ಟಿಕೆಟ್ಟಿನ ಹಿಂದೆ
ಸಣ್ಣಕ್ಷರದಲ್ಲಿ, ಗುಂಡಿಗೊಮ್ಮೆ ಪೆನ್ನು ಹಾರುತ್ತ,
ಮತ್ತೆ ಮೊದಲಿನಿಂದ:

ಮಧ್ಯಾಹ್ನ ಮೂರು ಗಂಟೆಗೆ ಒಂದು ಹೆಂಗ್ಸು ಬಂತು.
ಬ್ಯಾಗ್ ಕೊಡ್ಲಿಲ್ಲ ಸುಮಾರು ಹೊತ್ತು.
ನನ್ನ ಕೈಯನ್ನೇ ನೋಡ್ತಾ ನಿಂತಿತ್ತು,
ಏನೋ ಕದಿಯೋಕೆ ಬಂದಂಗೆ.