ಉಪ್ಪುನೀರು

ಎರಂಡವಣಿ ದವಾಖಾನಿ, ಮೂರನೇ ಮಜಲಾ.
ತಮ್ಮನ ಕೈಯಾಗ ಹನಿ ಹನಿ ಇಳೀಲಿಕತ್ತದ,
ಔಷಧೋ, ಬರೇ ಉಪ್ಪುನೀರೋ
ಡಾಕ್ಟರಿಗೂ ಗೊತ್ತಿಲ್ಲ, ನರ್ಸ್ ಭಾವೇ ಬಾಯಿಗೂ.
ಚೀಟಿ ಎತ್ತಿದ್ದು ಎಲ್ಲೋ ಒಂದು ಕಂಪ್ಯೂಟರು.

ಅವಗಿನ್ನೂ ರೋಗ ಬಂದಿಲ್ಲ,
ರಕ್ತದಾಗ ಅದರ ಸುದ್ದಿ ಅಷ್ಟ ಬಂದದ.
ನನಗ ಸುದ್ದೀನೂ ಬಂದಿದ್ದಿಲ್ಲ.
ಏಳನೇತ್ತಾ, ಸಹಾಮಾಹಿ ಪರೀಕ್ಷಾ,
ಕೊಡಗಟ್ಟಲೆ ನೀರು ಕುಡದು
ಬೆಂಚಿನ ಮ್ಯಾಲೇ ಬಿದ್ದಿದ್ದೆ.

"ಅಕ್ಕಾ, ನನ್ನ ಮೈ ನನ್ನ ಗುರ್ತು ಯಾಕ ಹಿಡೀವಲ್ದು?"
ಅಂತಾನ ಪಲ್ಲ್ಯಾ.
ಭಾಕರವಡಿ ಪುಡಿಕಿ ಬಿಚ್ಚೋಕಿಂತ ಮೊದಲ
ಹೊಟ್ಟಿಗೆ ಸೂಜಿ ಚುಚ್ಚಿಗೋತೀನಿ,
ನಾಕು ಯೂನಿಟ್.
ಉತ್ತರ ನನಗೆಲ್ಲಿ ಗೊತ್ತು.

ಖರೇ ಹೇಳಬೇಕಂದ್ರ
ಒಂದು ಗಳಿಗಿ, ಒಂದೇ ಗಳಿಗಿ,
ಉಪ್ಪುನೀರೇ ಇರಲಿ ಅಂದಿತ್ತು ಮನಸು.

ಎಸಿ ಭಾಳ ಥಂಡಿ.
ಅವನ ಕಾಲಿಗೆ ನನ್ನ ಓಢಣಿ ಹೊಚ್ಚಿದೆ.