ಆರು ತಿಂಗಳ ಚೀಟಿ

ಖಾನಾಪುರ ರೋಡಿನ್ಯಾಗ, ಉದ್ಯಮಬಾಗದ ತಿರುವಿಗೆ
ನಿಂತಿರತೈತಿ ನನ್ನ ಬಿಳಿ ವ್ಯಾನು.
ಸೈಲೆನ್ಸರಿನ ಬಾಯಾಗ ಕೊಳವಿ ತುರಕೂದು,
ಪರದೆ ಮ್ಯಾಲಿನ ಅಂಕಿ ಕಾಯೂದು,
ನಂಬರ ಪ್ಲೇಟಿನ ಫೋಟೋ, ಚೀಟಿ, ಚಿಲ್ಲರೆ.
ಹನ್ನೊಂದು ವರ್ಷ ಇದ ಉದ್ಯೋಗ.
ಸಂಜಿಕ ಮೂಗು ಒರಸಿದ ಕರವಸ್ತ್ರ
ಫೌಂಡ್ರಿ ಉಸುಕಿನಂಗ ಕರ್ರಗ.

ಮುಂಜಾನೆ ಪ್ರಥಮೇಶ ಬಂದ. ಹೊಸಾ ಗಾಡಿ,
ಹೊಸಾ ನಿಯಮದ ಎಂಜಿನ್ನು, ಆದ್ರ
ಕಂಪನಿ ಸೈಲೆನ್ಸರ ಬಿಚ್ಚಿ ಅಟ್ಟಕ್ಕ ಒಗದು
ಕೊಲ್ಹಾಪುರದ್ದೊಂದು ಗಿಡ್ಡ ಕೊಳವಿ ಹಾಕಿಸ್ಯಾನ.
ಗುಂಡಿ ಒತ್ತಿದ ಕೂಡಲೇ ಎದುರಿನ ಚಹಾದಂಗಡಿ
ಗಾಜಿನ ಲೋಟ ಕಟಕಟ ಹಲ್ಲು ಕಡದವು.
ಪಾಸು.
ನನ್ನ ಯಂತ್ರಕ್ಕ ಮೂಗಷ್ಟ ಐತಿ, ಕಿವಿ ಇಲ್ಲ.
"ಪೊಲೀಸರು ಹಿಡದು ರೋಲರ್ ಹಾಯಿಸ್ತಾರಲೇ" ಅಂದೆ.
"ಮತ್ತೊಂದೈತಿ ಅಕ್ಕಾ" ಅಂದ.

ಜಿನ್ನಪ್ಪ ಕಾಕಾ ಬಂದಾಗ ಬಿಸಲು ನೆತ್ತಿಗೆ.
ಗಾಡಿ ಎಂಬತ್ತೊಂಬತ್ತರದು, ಎರಡು ಸ್ಟ್ರೋಕು.
ಟಾಕಿಯ ಬಣ್ಣ ತೊಡಿ ತಾಗಿ ತಾಗಿ ಸವದು
ಒಳಗಿನ ತಗಡು ಮಿಂಚತೈತಿ.
ಬಿಡಿಭಾಗ ಬರೂದು ನಿಂತು ಇಪ್ಪತ್ತು ವರ್ಷಾತು;
ಬುಷ್ಷು, ಪಿನ್ನು, ಕ್ಲಚ್ಚಿನ ಡ್ರಮ್ಮು,
ಎಲ್ಲಾ ಪಾಳಿ ಮುಗದ ಮ್ಯಾಲೆ ಲೇತಿಗೆ ಹಾಕಿ
ತಾವ ತಿರಗಿಸಿಕೊಂಡದ್ದು.
ಕಂಪನಿಯದು ಅಂತ ಉಳದದ್ದು
ಚಾಸಿ ನಂಬರಷ್ಟ.
ಇದೂ ಮಾಡಿಫಿಕೇಶನ್ನ ಅಲ್ಲೇನು?
ಕೇಳಿದ್ರ ಬೈತಾರ.

ಮಿತಿ ನಾಕೂವರಿ. ಪರದೆ ಹೇಳಿತು ಆರು.
ಕಾಕಾ ಮಾತಾಡಲಿಲ್ಲ. ಗಟಾರದ ಕಟ್ಟಿ ಮ್ಯಾಲೆ ಕುಂತು
ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ಟಿಗೆ ಬಾಯಿ ಹಚ್ಚಿ
ನೆಗಡಿ ಕೂಸಿನ ಮೂಗು ಎಳದಂಗ ಎಳದರು.
ಉಗುಳಿದರು. ಸ್ಕ್ರೂ ಕಾಲು ಸುತ್ತು ಸಡಲ.
ಐದು ಪಾಯಿಂಟ್ ಒಂದು.
ಮತ್ತ ಬಿಚ್ಚಿದರು.

ಅಷ್ಟರಾಗ ಡೆಲಿವರಿ ಹುಡುಗೊಬ್ಬ, ಸದ್ದಿಲ್ಲದ ಬಂದಾವ,
ಬೆನ್ನ ಹಿಂದಿಂದ: "ಬ್ಯಾಟರಿ ಗಾಡಿಗೂ ಚೀಟಿ ಬೇಕೇನ್ರೀ ಅಕ್ಕಾರ?"
ಕೊಳವಿ ಹಿಡಕೊಂಡ ಬಗ್ಗಿ ನೋಡಿದೆ, ರೂಢಿ.
ಇಡಾಕ ಬಾಯಿನ ಇಲ್ಲ.
"ಬ್ಯಾಡೋ ತಮ್ಮಾ, ಹೋಗು" ಅಂದೆ.
ಕಾಕಾ ತಲಿ ಎತ್ತಿ
ಅವನ ಗಾಡಿ ನೋಡಲಿಲ್ಲ,
ನನ್ನ ನೋಡಿದರು.

ಸಂಜಿ ಐದಕ್ಕ ನಾಕು ಪಾಯಿಂಟ್ ನಾಕು.
ಪ್ರಿಂಟರು ಚೀಟಿ ಉಗುಳಿತು.
ನಾಕು ಮಡಿಕಿ ಮಾಡಿ ಕಿಸೇದಾಗ ಇಟಗೊಂಡು
ಕಿಕ್ ಹೊಡದು, ನೀಲಿ ಹೊಗಿಯೊಳಗಿಂದ ಕೇಳಿದರು:
"ಮುಂದಿನ ಸಲ ನೀ ಇಲ್ಲೇ ಇರ್ತಿ ಹೌದಲ್ಲವಾ?"

ಕೆಮ್ಮು ಬಂತು. ಕೈ ಅಲ್ಲಾಡಿಸಿದೆ.
ಹೌದಂತ ತಿಳಕೊಂಡು ಹ್ವಾದರು.