ಮಾಲೀಕ ಎಂಬ ಕಾಲಂ

ಹನ್ನೊಂದಕ್ಕೆ ಸುಕುಮಾರನ್ ಸಾರ್ ಹೇಳಿದರು:
ಐತಪ್ಪನ ಗಿರಾಕಿಗಳನ್ನೆಲ್ಲ
ಊಟಕ್ಕೆ ಮುಂಚೆ ರಂಜಿತನ ಹೆಸರಿಗೆ ಹಾಕಿಬಿಡು.

ನೀರು ಸೋಸುವ ಪೆಟ್ಟಿಗೆ ಮಾರುವ ಕಂಪೆನಿ ನಮ್ಮದು,
ಉಪ್ಪಳದಲ್ಲಿ, ಮೀನಂಗಡಿಯ ಮಾಳಿಗೆ ಮೇಲೆ.
ಹದಿನಾಲ್ಕು ವರ್ಷ ಐತಪ್ಪಣ್ಣ
ಕ್ಯಾಂಡಲ್ ಬದಲಿಸಿ, ಪೈಪು ತೊಳೆದು, ಮೊಣಗಂಟು ಸವೆಸಿ
ಮೊನ್ನೆ ಶನಿವಾರ
ಬೈಕಿನ ಕೀಲಿ ಮೇಜಿನ ಮೇಲಿಟ್ಟು ಹೋದರು.

ಸಾಫ್ಟ್‌ವೇರಿನ ಲೆಕ್ಕದಲ್ಲಿ ಪ್ರತಿ ಗಿರಾಕಿಗೂ ಒಬ್ಬ ಮಾಲೀಕ.
ಪಟ್ಟಿಯ ತಲೆಯಲ್ಲೊಂದು ಪುಟ್ಟ ಚೌಕ.
ಒತ್ತಿದೆ. ಕೇಳಿತು:
ಈ ಪುಟದ ಐವತ್ತು ಮಾತ್ರವೋ,
ಒಟ್ಟು ಸಾವಿರದ ನೂರ ಇಪ್ಪತ್ತಾರೋ?

ಒಟ್ಟು ಅನ್ನುವ ಮೊದಲು ಸುಮ್ಮನೆ,
ಬಸ್ಸಿಳಿಯುವ ಮುಂಚೆ ಚೀಲ ತಡವಿಕೊಳ್ಳುವ ಹಾಗೆ,
ಷರಾ ಕಾಲಂ ತೆರೆದು ನೋಡಿದೆ.

"ಬೆಲ್ ಒತ್ತಬಾರದು. ತೊಟ್ಟಿಲ ಮಗು."
(ನಾಲ್ಕು ವರ್ಷದ ಹಿಂದಿನ ಮಗು. ಈಗ ಅದೇ ಬೆಲ್ ಒತ್ತುತ್ತಿರಬೇಕು.)
"ದುಡ್ಡು ಸೋಮವಾರ, ಬೀಡಿ ಲೆಕ್ಕ ಆದ ಮೇಲೆ."
"ತಾಯಿ ಹತ್ರ ಬ್ಯಾರಿ ಭಾಷೆ. ಮಗನ ಹತ್ರ ಕನ್ನಡ. ಸೊಸೆ ಹತ್ರ ಮಾತೇ ಬೇಡ."
"ಅಜ್ಜನಿಗೆ ಕಿವಿ ಕೇಳುವುದಿಲ್ಲ. ಕಿಟಕಿಯಲ್ಲಿ ಕೈ ಬೀಸುವುದು."
"ಬಾವಿ ನೀರು ಉಪ್ಪು, ಮೆಷಿನ್ ಏನೂ ಮಾಡಲಾರದು.
ಹೇಳಿದ್ದೇನೆ. ಆದರೂ ಬೇಕಂತೆ."
ಒಂದು ಕಡೆ ಬರೀ "ನಾಯಿ."
ಅದರ ಕೆಳಗೆ, ಬೇರೆ ತಾರೀಕಿನಲ್ಲಿ, "ಇಲ್ಲ."

ಎಲ್ಲ ಕನ್ನಡದಲ್ಲಿ, ಒಂದೇ ಬೆರಳಲ್ಲಿ ಕುಟ್ಟಿದ್ದು.
ರಂಜಿತ ಪಯ್ಯನ್ನೂರಿನವ. ಒಳ್ಳೆ ಹುಡುಗ.
ನಮ್ಮ ಅಕ್ಷರ ಬಸ್ಸಿನ ಬೋರ್ಡಿನಲ್ಲಿ ನೋಡಿದ್ದಾನಂತೆ, ಅಷ್ಟೆ.

ಷರಾಗಳನ್ನೂ ವರ್ಗಾಯಿಸಬೇಕೆ? ಹೌದು.
ಮುಗಿದ ವ್ಯವಹಾರಗಳನ್ನೂ? ಹೌದು.
ಹೊಸ ಮಾಲೀಕರಿಗೆ ತಿಳಿಸಬೇಕೆ? ಹೌದು.
ಗಿರಾಕಿಗೆ ತಿಳಿಸಬೇಕೆ ಎಂಬ ಪ್ರಶ್ನೆ
ಇರಲಿಲ್ಲ. ಕೆಳಗಿನ ತನಕ ಎಳೆದು ನೋಡಿದೆ.

ಪೈವಳಿಕೆಯ ಉಮ್ಮಕ್ಕೆ ಒಮ್ಮೆ ಫೋನಿನಲ್ಲಿ ನಕ್ಕಿದ್ದರು:
"ಹುಟ್ಟುವಾಗ ನಾನು ಮದ್ರಾಸು ಮಗಾ,
ಎರಡನೇ ಹೆರಿಗೆಗೆ ಕೇರಳ.
ಅದೇ ಚಾಪೆ, ಅದೇ ಸೂಲಗಿತ್ತಿ."
ಅವರ ಹೆಸರಿನ ಮುಂದೆ ಷರಾ:
"ಮಾತು ಜಾಸ್ತಿ. ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳುವುದು."

ಒತ್ತಿದೆ.
ಕೆಳಗೆ ಯಾರೋ ಬೂತಾಯಿಗೆ ಚೌಕಾಸಿ ಮುಗಿಸುವಷ್ಟರಲ್ಲಿ
ಹಸಿರು ಗೆರೆ ಆ ಕೊನೆ ಮುಟ್ಟಿತ್ತು.
ಸಾವಿರದ ನೂರ ಇಪ್ಪತ್ತೈದು ಯಶಸ್ವಿ.
ಒಂದು ವಿಫಲ.

ತೆರೆದರೆ,
ಗಿರಾಕಿ: ಐತಪ್ಪ ಕೆ., ಕಯ್ಯಾರು.
ಮಾಲೀಕ: ಐತಪ್ಪ ಕೆ.
ಕಾರಣ: ವಿಳಾಸ ಅಪೂರ್ಣ.
ಊರಿಡೀ ಮನೆ ನಂಬರು ತುಂಬಿದವರು
ತಮ್ಮದನ್ನು ಖಾಲಿ ಬಿಟ್ಟಿದ್ದಾರೆ.
ಕ್ಯಾಂಡಲ್ ಕೊನೆಗೆ ಬದಲಿಸಿದ್ದು ಐದು ವರ್ಷದ ಹಿಂದೆ.

ಆಯಿತಾ, ಅಂದರು ಸಾರ್.
ಆಯಿತು, ಅಂದೆ.
ಆ ಒಂದನ್ನು ಹಾಗೇ ಬಿಟ್ಟೆ,
ಕ್ಯಾಂಡಲ್ ಒಂದನ್ನು ಚೀಲಕ್ಕೆ ಹಾಕಿಕೊಂಡೆ.

ಮಧ್ಯಾಹ್ನ ರಂಜಿತ ಫೋನು ಹಿಡಿದು ಬಂದ:
ಚೇಚಿ, ಇದೊಂದು ಓದಿ ಹೇಳಿ.
ಓದಿದೆ: ನಾಯಿ. ಇಲ್ಲ.
ಅವನಿಗೆ ನಗು. ನಮ್ಮಲ್ಲೂ ಇದೇ ಅಲ್ಲವಾ ಚೇಚಿ, ನಾಯಿ, ಇಲ್ಲ.
ಆಮೇಲೆ ಕೇಳಿದ:
ಸತ್ತಿತು ಅಂತಲಾ, ಕಚ್ಚುವುದಿಲ್ಲ ಅಂತಲಾ?

ಅದು ಐತಪ್ಪಣ್ಣನಿಗೇ ಗೊತ್ತು.
ಗೇಟಿನ ಹತ್ತಿರ
ಸ್ವಲ್ಪ ನಿಂತು ನೋಡು, ಅಂದೆ.